ಹದಿನಾಲ್ಕು ಇಂಜೆಕ್ಷನ್, ಒಂದು ಎಂಆರ್‌ಐ: ಒಂದು ಹಳೇ ಭಯದ ಇತಿಹಾಸ

ಭಾಗ 1/10

ನಾಯಿ ಕಚ್ಚಿದರೆ ಎಷ್ಟು ಇಂಜೆಕ್ಷನ್, ಎಲ್ಲಿಗೆ ಹಾಕ್ತಾರೆ? ಮುಂದೆ ಓದೋಕೆ ಮೊದಲು ಮನಸ್ಸಿನಲ್ಲೇ ಉತ್ತರ ಹೇಳ್ಕೊಳ್ರಿ.

"ಹೊಟ್ಟೆಗೆ, ಹೊಕ್ಕಳ ಸುತ್ತ, 14" ಅಂದಿದ್ರೆ ನೀವೊಬ್ಬರೇ ಅಲ್ಲ. ನಮ್ಮ ಊರ ಕಡೆ ಯಾರನ್ನು ಕೇಳಿದರೂ ಇದೇ ಉತ್ತರ ಬರ್ತದೆ. ವಿಚಿತ್ರ ಏನಂದ್ರೆ ನಮ್ಮ ವಯಸ್ಸಿನ ಯಾರೂ ಆ ಇಂಜೆಕ್ಷನ್ ತಗೊಂಡಿಲ್ಲ. ಭಾರತದಲ್ಲಿ ಅದರ ತಯಾರಿಕೆ ನಿಂತಿದ್ದು 2004ರ ಕೊನೆಗೆ. ಆಗ ನಾವು ಹುಟ್ಟಿರಲಿಲ್ಲ, ಇಲ್ಲಾಂದ್ರೆ ತೊಟ್ಟಿಲಲ್ಲಿದ್ವಿ. ಆದರೂ ಆ ಸಂಖ್ಯೆ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ನಮಗೆ ಆಸ್ತಿ ಬಂದ ಹಾಗೆ ಬಂದುಬಿಟ್ಟಿದೆ. "ಆ ನಾಯಿ ಹತ್ರ ಹೋಗಬ್ಯಾಡ, ಕಚ್ಚಿದ್ರ ಹೊಟ್ಟಿಗೆ ಹದಿನಾಲ್ಕು ಸೂಜಿ!"

ಈ ಪೇಜ್‌ನಲ್ಲಿ ಇಷ್ಟು ದಿನ ಐಹೊಳೆಯ ಗುಡಿಗಳ ಬಗ್ಗೆ, ಶಾಸನಗಳ ಬಗ್ಗೆ ಓದಿದ್ರಿ. ಈ ಸಲ ಕಲ್ಲಿನ ಇತಿಹಾಸ ಬಿಟ್ಟು ಒಂದು ಭಯದ ಇತಿಹಾಸ ಹೇಳ್ತೀನಿ.

ಯಾಕಂದ್ರೆ ಆ ಭಯ ಬರೀ ಸೂಜಿಯ ಭಯ ಆಗಿರಲಿಲ್ಲ. ಅದರ ಹಿಂದೆ ನಿಜವಾದ ಕಾರಣ ಇತ್ತು. ಆ ಲಸಿಕೆ ತಗೊಂಡವರಲ್ಲಿ ಕೆಲವರಿಗೆ ಮೆದುಳಿನಲ್ಲಿ, ಬೆನ್ನುಹುರಿಯಲ್ಲಿ ಉರಿಯೂತ ಆಗಿ ಕೈಕಾಲಿನ ಸ್ವಾಧೀನ ತಪ್ಪುತ್ತಿತ್ತು. ಜೀವ ಉಳಿಸೋ ಔಷಧಿಯಿಂದ ಹೀಗ್ಯಾಕೆ ಆಗ್ತದೆ ಅಂತ ಹುಡುಕಿದವರಿಂದ ಜಗತ್ತು ಮೆದುಳಿನ ಉರಿಯೂತದ ಬಗ್ಗೆ ಒಂದು ದೊಡ್ಡ ಪಾಠ ಕಲಿಯಿತು. ಆ ಉರಿಯೂತವನ್ನು ತಲೆಬುರುಡೆ ತೆರೆಯದೆ ಕಣ್ಣಿಗೆ ತೋರಿಸಿದ್ದು ಎಂಆರ್‌ಐ.

ನಾಯಿ ಕಡಿತ, ಕುರಿಯ ಮೆದುಳು, ಬೆಂಗಳೂರಿನ ಒಂದು ಲ್ಯಾಬ್, ಲಂಡನ್ನಿನ ಒಂದು ಆಸ್ಪತ್ರೆ, ಇಷ್ಟೂ ಸೇರಿ ಒಂದೇ ಕಥೆ. ನಾನು ಬಿಕಾಂ ಓದ್ತಿರೋನು, ಡಾಕ್ಟರ್ ಅಲ್ಲ. ಹಾಗಾಗಿ ಇದನ್ನ ಇತಿಹಾಸ ಅಂತ ಓದ್ರಿ. 10ನೇ ಭಾಗ ಮಾತ್ರ ತಪ್ಪಿಸಬ್ಯಾಡ್ರಿ, ಅದು ನಿಮ್ಮ ಮನೆಗೆ ಬೇಕಾಗಿದ್ದು.

ಭಾಗ 2/10

ಮೊದಲು ಉರಿಯೂತ ಅಂದ್ರೇನು ಅಂತ ನೋಡೋಣ.

ಕಾಲಿಗೆ ಜಾಲಿಮುಳ್ಳು ಚುಚ್ಚಿದೆ ಅಂತ ಇಟ್ಕೊಳ್ರಿ. ಮರುದಿನ ಆ ಜಾಗ ಕೆಂಪಾಗ್ತದೆ, ಬಿಸಿ ಆಗ್ತದೆ, ಬಾತುಕೊಳ್ತದೆ, ನೋಯ್ತದೆ. ಈ ನಾಲ್ಕು ಗುರುತುಗಳನ್ನು ಸುಮಾರು 2000 ವರ್ಷದ ಹಿಂದೆಯೇ ರೋಮಿನ ಸೆಲ್ಸಸ್ ಬರೆದಿಟ್ಟಿದ್ದಾನೆ. ಇದು ರೋಗವಲ್ಲ, ನಮ್ಮ ಮೈಯ ಸೈನ್ಯ ಬಂದು ಕೆಲಸ ಮಾಡ್ತಿರೋ ಗುರುತು. ರಕ್ತನಾಳಗಳು ಸ್ವಲ್ಪ ಸಡಿಲ ಆಗಿ ನೀರು ಮತ್ತು ಬಿಳಿ ರಕ್ತಕಣಗಳನ್ನು ಆ ಜಾಗಕ್ಕೆ ಬಿಡ್ತವೆ. ಅದಕ್ಕೇ ಬಾವು ಬರೋದು. ಈ ನೀರಿನ ವಿಷಯ ನೆನಪಿಟ್ಕೊಳ್ರಿ, ಎಂಆರ್‌ಐ ಬಂದಾಗ ಮತ್ತೆ ಬೇಕಾಗ್ತದೆ.

ಕಾಲಿನಲ್ಲಾದರೆ ಕಣ್ಣಿಗೆ ಕಾಣ್ತದೆ, ಕೈಗೆ ಸಿಗ್ತದೆ. ಮೆದುಳಿನಲ್ಲಾದರೆ?

ಮೆದುಳು ಗಟ್ಟಿ ಬುರುಡೆಯ ಒಳಗೆ ಕೂತಿದೆ. ಕೆಂಪಾಗಿದ್ದು ಕಾಣಲ್ಲ, ಬಿಸಿ ಗೊತ್ತಾಗಲ್ಲ. ಮೆದುಳಿನ ಅಂಗಾಂಶಕ್ಕೆ ನೋವು ತಿಳಿಸೋ ನರಗಳೇ ಇಲ್ಲ. ಊದಿಕೊಂಡರೆ ಹಿಗ್ಗೋಕೆ ಜಾಗವೂ ಇಲ್ಲ. ಹೊರಗಿರೋರಿಗೆ ಕಾಣೋದು ಫಲ ಮಾತ್ರ: ಜ್ವರ, ತಲೆನೋವು, ಫಿಟ್ಸ್, ಮಾತು ತಡವರಿಸೋದು, ಮಂದಿ ಗುರುತು ಸಿಗದೇ ಇರೋದು, ಕಾಲು ಎಳೆಯೋದು.

ಇನ್ನೊಂದು ಮಾತು. ಮೆದುಳಿನ ರಕ್ತನಾಳಗಳ ಗೋಡೆ ಬೇರೆ ಕಡೆಗಿಂತ ಬಿಗಿ. ರಕ್ತದಲ್ಲಿ ಬಂದಿದ್ದನ್ನೆಲ್ಲ ಅದು ಒಳಗೆ ಬಿಡಲ್ಲ. ಬಾಗಿಲಲ್ಲಿ ಕಾವಲುಗಾರ ನಿಂತ ಹಾಗೆ. ಮೆದುಳಿನ ಅನೇಕ ಉರಿಯೂತಗಳಲ್ಲಿ ಈ ಕಾವಲು ಸಡಿಲ ಆಗ್ತದೆ. ಇದೂ ಮುಂದೆ ಬೇಕು.

ನೂರಾರು ವರ್ಷ ಮೆದುಳಿನ ಉರಿಯೂತವನ್ನು ಖಚಿತವಾಗಿ ನೋಡೋಕೆ ಒಂದೇ ದಾರಿ ಇತ್ತು: ರೋಗಿ ಸತ್ತ ಮೇಲೆ ಮೆದುಳು ಹೊರಗೆ ತೆಗೆದು, ತೆಳ್ಳಗೆ ಕೊಯ್ದು, ಸೂಕ್ಷ್ಮದರ್ಶಕದ ಕೆಳಗೆ ಇಡೋದು. ಗೊತ್ತಾಗೋ ಹೊತ್ತಿಗೆ ರೋಗಿಗೆ ಅದರಿಂದ ಉಪಯೋಗ ಇಲ್ಲ.

ಭಾಗ 3/10

ಈಗ ನಾಯಿಗೆ ಬರೋಣ.

1885ರ ಜುಲೈ 6. ಪ್ಯಾರಿಸ್. ಹುಚ್ಚುನಾಯಿ ಕಚ್ಚಿದ 9 ವರ್ಷದ ಹುಡುಗ ಜೋಸೆಫ್ ಮೈಸ್ಟರ್‌ನನ್ನು ಲೂಯಿ ಪಾಶ್ಚರ್ ಹತ್ರ ಕರ್ಕೊಂಡು ಬಂದ್ರು. ಪಾಶ್ಚರ್ ರೇಬೀಸ್ ಸೋಂಕಿದ ಮೊಲದ ಬೆನ್ನುಹುರಿಯನ್ನು ಒಣಗಿಸಿ, ಶಕ್ತಿ ಕುಂದಿಸಿ, ಅದನ್ನೇ ಲಸಿಕೆಯಾಗಿ ಕೊಡಿಸಿದ. ಹುಡುಗ ಬದುಕಿದ.

ಮೊಲದ ಬೆನ್ನುಹುರಿಯೇ ಯಾಕೆ? ರೇಬೀಸ್ ವೈರಸ್ ನರದ ಗುಂಟ ಹೋಗಿ ಮೆದುಳು, ಬೆನ್ನುಹುರಿಯಲ್ಲಿ ಬೆಳೀತದೆ. ಆಗ ಲ್ಯಾಬ್‌ನಲ್ಲಿ ಜೀವಕೋಶ ಬೆಳೆಸೋ ವಿದ್ಯೆ ಇರಲಿಲ್ಲ. ವೈರಸ್ ಬೇಕು ಅಂದ್ರೆ ಪ್ರಾಣಿಯ ಮೆದುಳಲ್ಲೋ ಬೆನ್ನುಹುರಿಯಲ್ಲೋ ಬೆಳೆಸಬೇಕಿತ್ತು.

ಭಾರತಕ್ಕೆ ಈ ವಿದ್ಯೆ ಬೇಗ ಬಂತು. ಈಗಿನ ಹಿಮಾಚಲ ಪ್ರದೇಶದ ಕಸೌಲಿಯಲ್ಲಿ 1900ರಲ್ಲಿ ಪಾಶ್ಚರ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ದಕ್ಷಿಣಕ್ಕೆ 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಇನ್ನೊಂದು. ಕಸೌಲಿಯಲ್ಲಿದ್ದ ಡೇವಿಡ್ ಸೆಂಪಲ್ ಅನ್ನೋ ಅಧಿಕಾರಿ 1911ರಲ್ಲಿ ಹೊಸ ವಿಧಾನ ಪ್ರಕಟಿಸಿದ. ಸೋಂಕಿದ ಮೆದುಳನ್ನು ಅರೆದು, ಫಿನಾಲ್ ಹಾಕಿ ವೈರಸ್ ಕೊಂದು, ಆ ದ್ರಾವಣವನ್ನೇ ಲಸಿಕೆ ಮಾಡೋದು. ಭಾರತದಲ್ಲಿ ಇದಕ್ಕೆ ಬಳಸಿದ್ದು ಮುಖ್ಯವಾಗಿ ಕುರಿಯ ಮೆದುಳು.

ಇದರ ದೊಡ್ಡ ಗುಣ ಏನಂದ್ರೆ ಅಗ್ಗ. ಲಸಿಕೆಯನ್ನು ಬಾಟಲಿಯಲ್ಲಿ ತುಂಬಿ ಊರೂರಿಗೆ ಕಳಿಸಬಹುದಿತ್ತು. ಕಚ್ಚಿಸಿಕೊಂಡವರು ರೈಲು ಹತ್ತಿ ಕಸೌಲಿಗೋ ಕೂನೂರಿಗೋ ಹೋಗೋದು ತಪ್ಪಿತು. ಇದರಿಂದ ಉಳಿದ ಜೀವಗಳು ಕಡಿಮೆ ಅಲ್ಲ.

ಹೊಟ್ಟೆಗೇ ಯಾಕೆ ಅಂದ್ರೆ, ಲಸಿಕೆಯ ಪ್ರಮಾಣ ಜಾಸ್ತಿ. ಒಂದೊಂದು ಸಲಕ್ಕೆ 2ರಿಂದ 5 ಮಿಲಿ ತನಕ, ದಿನಾ ಒಂದು, 7ರಿಂದ 14 ದಿನ. ಅಷ್ಟು ಸಲ ಅಷ್ಟು ದ್ರವ ತಗೊಳ್ಳೋಕೆ ಹೊಟ್ಟೆಯ ಚರ್ಮದ ಕೆಳಗೆ ಅಗಲವಾದ, ಸಡಿಲವಾದ ಜಾಗ ಇದೆ. ಅಷ್ಟೇ ಕಾರಣ. ಹೊಕ್ಕಳಿಗೂ ಹುಚ್ಚುನಾಯಿಗೂ ಬೇರೆ ಸಂಬಂಧ ಇಲ್ಲ.

ಭಾಗ 4/10

ಲಸಿಕೆ ಹೊಟ್ಟೆಗೆ ಹೋಗ್ತಿತ್ತು. ತೊಂದರೆ ಕೆಲವರಲ್ಲಿ ಮೆದುಳಿಗೆ, ಬೆನ್ನುಹುರಿಗೆ ಬರ್ತಿತ್ತು.

ಇಂಜೆಕ್ಷನ್ ಶುರುವಾಗಿ ಒಂದೆರಡು ವಾರಕ್ಕೆ ಜ್ವರ, ತಲೆನೋವು, ಆಮೇಲೆ ಕಾಲಲ್ಲಿ ಶಕ್ತಿ ಇಲ್ಲ, ಮೂತ್ರ ಕಟ್ಟೋದು, ಕೆಲವರಿಗೆ ಪ್ರಜ್ಞೆ ತಪ್ಪೋದು. ಎಷ್ಟು ಮಂದಿಗೆ ಅನ್ನೋ ಲೆಕ್ಕ ಊರಿಂದ ಊರಿಗೆ, ಲಸಿಕೆಯಿಂದ ಲಸಿಕೆಗೆ ಬೇರೆ ಇತ್ತು: ಕೆಲವು ನೂರು ಜನರಲ್ಲಿ ಒಬ್ಬರಿಂದ ಹಿಡಿದು ಕೆಲವು ಸಾವಿರ ಜನರಲ್ಲಿ ಒಬ್ಬರವರೆಗೆ.

ಲಸಿಕೆಯಲ್ಲಿ ವೈರಸ್ ಪೂರ್ತಿ ಸತ್ತಿರಲಿಲ್ಲವೇನೋ ಅನ್ನೋದು ಮೊದಲ ಅನುಮಾನ. ಇನ್ನೊಂದು ಅನುಮಾನ ಇನ್ನೂ ವಿಚಿತ್ರ: ವೈರಸ್ ಅಲ್ಲ, ಅದರ ಜೊತೆಗಿದ್ದ ಮೆದುಳಿನ ಅಂಗಾಂಶವೇ ಕಾರಣ ಇರಬಹುದಾ?

ಇದನ್ನು ಪರೀಕ್ಷೆ ಮಾಡಿದ್ದು ನ್ಯೂಯಾರ್ಕಿನ ರಾಕ್‌ಫೆಲರ್ ಇನ್‌ಸ್ಟಿಟ್ಯೂಟ್‌ನ ಥಾಮಸ್ ರಿವರ್ಸ್ ಮತ್ತು ಜೊತೆಗಾರರು, 1933 ಮತ್ತು 1935ರಲ್ಲಿ. ಮಂಗಗಳಿಗೆ ಯಾವ ವೈರಸ್ಸೂ ಇಲ್ಲದ, ಆರೋಗ್ಯವಂತ ಮೊಲದ ಮೆದುಳಿನ ದ್ರಾವಣವನ್ನು ತಿಂಗಳುಗಟ್ಟಲೆ ಇಂಜೆಕ್ಷನ್ ಕೊಟ್ಟರು. ಮಂಗಗಳ ಮೆದುಳಲ್ಲಿ ಉರಿಯೂತ ಬಂತು. ಕ್ರಿಮಿ ಇಲ್ಲ, ಗಾಯ ಇಲ್ಲ, ಆದರೂ ಉರಿಯೂತ.

ಆಗಿದ್ದು ಇಷ್ಟು. ನರಗಳ ಮೇಲೆ ಮೈಲಿನ್ ಅನ್ನೋ ಕೊಬ್ಬಿನ ಹೊದಿಕೆ ಇರ್ತದೆ, ಕರೆಂಟ್ ವೈರಿನ ಮೇಲಿನ ಪ್ಲಾಸ್ಟಿಕ್ ಇದ್ದ ಹಾಗೆ. ಬೇರೆ ಪ್ರಾಣಿಯ ಮೈಲಿನ್ ಪದೇ ಪದೇ ಮೈಯೊಳಗೆ ಬಂದಾಗ ದೇಹದ ಸೈನ್ಯ ಅದನ್ನು ಶತ್ರು ಅಂತ ಗುರುತು ಹಾಕಿಕೊಳ್ತದೆ. ಆಮೇಲೆ ತನ್ನದೇ ಮೆದುಳಿನ ಮೈಲಿನ್ ಕೂಡ ಅದೇ ಥರ ಕಾಣ್ತದೆ. ಸೈನ್ಯ ಮನೆಯ ಮೇಲೇ ತಿರುಗಿ ಬೀಳ್ತದೆ. ಥಾಯ್ಲೆಂಡ್‌ನಲ್ಲಿ ಹೇಮಚುಧ ಮತ್ತು ಜೊತೆಗಾರರು 1987ರಲ್ಲಿ ಸೆಂಪಲ್ ಲಸಿಕೆಯಿಂದ ತೊಂದರೆಗೊಳಗಾದ ರೋಗಿಗಳಲ್ಲಿ ಮೈಲಿನ್‌ನ ಒಂದು ಪ್ರೋಟೀನ್ ವಿರುದ್ಧವೇ ಪ್ರತಿಕಾಯ ಇರೋದನ್ನು ತೋರಿಸಿದರು.

ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತ ಒಂದು ಕಾಯಿಲೆ ಇದೆ. ಅದರಲ್ಲೂ ಮೈಲಿನ್ನೇ ಹಾಳಾಗೋದು. ಅದನ್ನು ಅರ್ಥ ಮಾಡಿಕೊಳ್ಳೋಕೆ ವಿಜ್ಞಾನಿಗಳು ಇವತ್ತಿಗೂ ಬಳಸೋ ಪ್ರಯೋಗದ ಮೂಲ ರಿವರ್ಸ್‌ನ ಆ ಮಂಗಗಳೇ.

ಭಾಗ 5/10

ನಮ್ಮ ರಾಜ್ಯಕ್ಕೆ ಬರೋಣ. ಬೆಂಗಳೂರಿನ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, ಇವೆರಡನ್ನೂ ಸೇರಿಸಿ 1974ರ ಡಿಸೆಂಬರ್ 27ರಂದು ನಿಮ್ಹಾನ್ಸ್ ಆಯಿತು. ನಾವು ನಿಮ್ಹಾನ್ಸ್ ಅಂದ್ರೆ ಮನಸ್ಸಿನ ಕಾಯಿಲೆ ಅಂತ ಮಾತ್ರ ಅಂದ್ಕೊಳ್ತೀವಿ. ನರರೋಗಕ್ಕೂ ದೇಶದ ದೊಡ್ಡ ಆಸ್ಪತ್ರೆಗಳಲ್ಲಿ ಅದೊಂದು.

1984ರಲ್ಲಿ ನಿಮ್ಹಾನ್ಸ್‌ನ ಎಚ್.ಎಸ್. ಸ್ವಾಮಿ, ಎಸ್.ಕೆ. ಶಂಕರ್ ಮೊದಲಾದ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಹೊತ್ತಿಗೆ ಫಿನಾಲ್ ಬದಲು ಬೇರೆ ರಾಸಾಯನಿಕದಿಂದ ವೈರಸ್ ಕೊಂದ ಲಸಿಕೆ ಬಂದಿತ್ತು. ಅದನ್ನು ತಗೊಂಡ ಮೇಲೂ ನರಗಳ ತೊಂದರೆ ಬಂದ ರೋಗಿಗಳನ್ನು ಅವರು ಕೂಲಂಕಷವಾಗಿ ನೋಡಿ ಬರೆದರು. ರಾಸಾಯನಿಕ ಬದಲಾದರೂ ಒಳಗಿದ್ದದ್ದು ಪ್ರಾಣಿಯ ಮೆದುಳೇ ಅಲ್ವಾ.

ಈಗ ನೀವು ಆ ವಾರ್ಡಿನ ಡಾಕ್ಟರ್ ಅಂತ ಇಟ್ಕೊಳ್ರಿ. ನಿಮ್ಮ ಮುಂದೆ ಒಬ್ಬ ರೈತ ಮಲಗಿದ್ದಾನೆ. ಮೂರು ವಾರದ ಹಿಂದೆ ನಾಯಿ ಕಚ್ಚಿದೆ. ಇಂಜೆಕ್ಷನ್ ಆಗಿವೆ. ಈಗ ಎರಡೂ ಕಾಲು ಏಳ್ತಿಲ್ಲ.

ಕಾರಣ ಎರಡು ಇರಬಹುದು. ಒಂದು, ಲಸಿಕೆ ಕೆಲಸ ಮಾಡದೇ ರೇಬೀಸೇ ಬಂದಿದೆ. ರೇಬೀಸ್ ಅಂದ್ರೆ ಯಾವಾಗಲೂ ನೀರಿಗೆ ಹೆದರೋದು, ಹುಚ್ಚಾಟ ಅಂತ ಅಲ್ಲ. ಸುಮ್ಮನೆ ಲಕ್ವ ಹೊಡೆದ ಹಾಗೆ ಬರೋ ರೂಪವೂ ಇದೆ. ಎರಡು, ಇದು ರೇಬೀಸ್ ಅಲ್ಲ, ಲಸಿಕೆಯಿಂದ ಬಂದ ಉರಿಯೂತ.

ಮೊದಲನೆಯದಾದರೆ ಮನೆಯವರಿಗೆ ಹೇಳೋಕೆ ಒಳ್ಳೆ ಮಾತು ಉಳಿದಿಲ್ಲ. ಎರಡನೆಯದಾದರೆ ಇಂಜೆಕ್ಷನ್ ನಿಲ್ಲಿಸಿ ಸ್ಟೀರಾಯ್ಡ್ ಕೊಟ್ಟರೆ ಅವನು ಎದ್ದು ಮನೆಗೆ ನಡ್ಕೊಂಡು ಹೋಗೋ ಸಾಧ್ಯತೆ ಇದೆ. ಆದರೆ ರೇಬೀಸ್ ಇದ್ದು ಇಂಜೆಕ್ಷನ್ ನಿಲ್ಲಿಸಿದ್ರೆ ಅನ್ನೋ ಭಯವೂ ಇದೆ.

ಹೊರಗಿಂದ ನೋಡಿದರೆ ಎರಡೂ ಒಂದೇ ಥರ. ಬೆನ್ನಿನ ನೀರು ತೆಗೆದು ನೋಡಬಹುದು, ನರದ ವಿದ್ಯುತ್ ಪರೀಕ್ಷೆ ಮಾಡಬಹುದು. 1971ರಿಂದ ಜಗತ್ತಿನಲ್ಲಿ ಸಿಟಿ ಸ್ಕ್ಯಾನ್ ಇತ್ತು. ಮೂಳೆ, ರಕ್ತಸ್ರಾವ, ದೊಡ್ಡ ಗಡ್ಡೆ ಅದಕ್ಕೆ ಚೆನ್ನಾಗಿ ಕಾಣ್ತವೆ. ಮೈಲಿನ್‌ನ ಸಣ್ಣ ಉರಿಯೂತ ಹೆಚ್ಚಾಗಿ ಅದರ ಕಣ್ಣು ತಪ್ಪಿಸ್ತಿತ್ತು.

ಭಾಗ 6/10

ಎಂಆರ್‌ಐ ಹುಟ್ಟಿದ್ದು ಆಸ್ಪತ್ರೆಯಲ್ಲಿ ಅಲ್ಲ, ಭೌತಶಾಸ್ತ್ರದ ಲ್ಯಾಬ್‌ನಲ್ಲಿ.

ನಮ್ಮ ಮೈಯಲ್ಲಿ ಹೆಚ್ಚು ಇರೋದು ನೀರು. ನೀರಿನ ಹೈಡ್ರೋಜನ್ ಪರಮಾಣುವಿನ ನಡುವಿನ ಕಣ ಒಂದು ಸಣ್ಣ ಅಯಸ್ಕಾಂತದ ಹಾಗೆ ನಡ್ಕೊಳ್ತದೆ. ದೊಡ್ಡ ಅಯಸ್ಕಾಂತದ ಒಳಗೆ ಇಟ್ಟು ಸರಿಯಾದ ರೇಡಿಯೋ ತರಂಗ ಬಿಟ್ಟರೆ ಆ ಕಣಗಳು ವಾಲಿ, ಮತ್ತೆ ಮೊದಲಿನ ಸ್ಥಿತಿಗೆ ಬರುವಾಗ ತಾವೇ ಒಂದು ಸಣ್ಣ ರೇಡಿಯೋ ಸದ್ದು ಕೊಡ್ತವೆ. ಇದನ್ನು ಅಮೆರಿಕದಲ್ಲಿ ಬ್ಲಾಕ್ ಮತ್ತು ಪರ್ಸೆಲ್ 1946ರಲ್ಲಿ ಬೇರೆ ಬೇರೆಯಾಗಿ ತೋರಿಸಿ 1952ರಲ್ಲಿ ನೊಬೆಲ್ ಹಂಚಿಕೊಂಡರು.

ಅದಾದ ಐದೇ ವರ್ಷಕ್ಕೆ ಈ ವಿದ್ಯೆ ಬೆಂಗಳೂರಿಗೆ ಬಂದಿತ್ತು ಅಂದ್ರೆ ನಂಬ್ತೀರಾ? ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ 1951ರಲ್ಲಿ ಒಂದು ಸಣ್ಣ ಲೇಖನ ಪ್ರಕಟಿಸಿದರು. ಕೊಳವೆಯಲ್ಲಿ ಹರಿಯೋ ದ್ರವದ ಮೇಲೆ ಇದೇ ಪ್ರಯೋಗ ಮಾಡಿ, ಹರಿವು ಬದಲಾದರೆ ಸಿಗೋ ಸಂಕೇತವೂ ಬದಲಾಗ್ತದೆ ಅಂತ ತೋರಿಸಿದರು. ದಣಿದ ಕಣಗಳು ಮುಂದೆ ಹೋಗಿ ಹೊಸ ಕಣಗಳು ಆ ಜಾಗಕ್ಕೆ ಬರ್ತವಲ್ಲ, ಅದಕ್ಕೆ. ಇವತ್ತು ಎಂಆರ್‌ಐನಲ್ಲಿ ರಕ್ತನಾಳದ ಚಿತ್ರ ತೆಗೀತಾರಲ್ಲ, ಅದರ ಇತಿಹಾಸ ಬರೆಯೋರು ಸೂರ್ಯನ್ ಹೆಸರಿನ ಹತ್ರ ನಿಲ್ತಾರೆ. ನಮ್ಮಲ್ಲಿ ಎಷ್ಟು ಮಂದಿ ಆ ಹೆಸರು ಕೇಳಿದ್ದೀವಿ ಹೇಳ್ರಿ?

ಸದ್ದಿನಿಂದ ಚಿತ್ರ ಮಾಡಿದ್ದು ಪಾಲ್ ಲಾಟರ್‌ಬರ್, 1973ರಲ್ಲಿ. ಅಯಸ್ಕಾಂತದ ಶಕ್ತಿಯನ್ನು ಜಾಗದಿಂದ ಜಾಗಕ್ಕೆ ಸ್ವಲ್ಪ ಬೇರೆ ಇಟ್ಟರೆ ಯಾವ ಸದ್ದು ಎಲ್ಲಿಂದ ಬಂತು ಅಂತ ಲೆಕ್ಕ ಹಾಕಬಹುದು ಅಂತ ಕಂಡುಕೊಂಡ. ಮೊದಲ ಚಿತ್ರ ಎರಡು ಸಣ್ಣ ನೀರಿನ ಕೊಳವೆಗಳದು. 'ನೇಚರ್' ಪತ್ರಿಕೆ ಆ ಲೇಖನವನ್ನು ಮೊದಲು ವಾಪಸ್ ಕಳಿಸಿತ್ತು! ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಜೊತೆ 2003ರಲ್ಲಿ ಅವನಿಗೆ ನೊಬೆಲ್ ಬಂತು.

ಆಸ್ಪತ್ರೆಯ ಸಾಮಾನ್ಯ ಎಂಆರ್‌ಐ 1.5 ಟೆಸ್ಲಾ. ಭೂಮಿಯ ಅಯಸ್ಕಾಂತ ಶಕ್ತಿಗಿಂತ ಸುಮಾರು 30,000 ಪಟ್ಟು ಜಾಸ್ತಿ. ಕಿವಿಯೋಲೆ, ಬೆಲ್ಟ್ ತೆಗೀರಿ ಅಂತ ಯಾಕೆ ಹೇಳ್ತಾರೆ ಅಂತ ಈಗ ಗೊತ್ತಾಯ್ತಲ್ಲ. ಎಕ್ಸ್‌ರೇ ಇದರಲ್ಲಿ ಇಲ್ಲವೇ ಇಲ್ಲ.

ಭಾಗ 7/10

2ನೇ ಭಾಗದ ಮಾತು ನೆನಪಿದೆಯಾ? ಉರಿಯೂತ ಆದಲ್ಲಿ ನೀರು ಬರ್ತದೆ. ಎಂಆರ್‌ಐ ಕೇಳೋದೇ ನೀರಿನ ಸದ್ದು. ಎರಡೂ ಕೂಡಲೇಬೇಕಿತ್ತು, ಕೂಡಿದವು.

1981ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಇಯಾನ್ ಯಂಗ್, ಗ್ರೇಮ್ ಬಿಡರ್ ಮತ್ತು ಸಂಗಡಿಗರು ಮಲ್ಟಿಪಲ್ ಸ್ಕ್ಲೆರೋಸಿಸ್ ಇದ್ದ 10 ರೋಗಿಗಳ ಮೆದುಳು ನೋಡಿದರು. ಸಿಟಿ ಸ್ಕ್ಯಾನ್‌ಗೆ ಕಂಡ ಮಚ್ಚೆಗಳು 19. ಹೊಸ ಯಂತ್ರಕ್ಕೆ ಅವಲ್ಲದೆ ಇನ್ನೂ 112 ಕಂಡವು. ಅಷ್ಟು ವರ್ಷ ಸತ್ತವರಲ್ಲಿ ಮಾತ್ರ ನೋಡುತ್ತಿದ್ದದ್ದು ಬದುಕಿದ್ದವರಲ್ಲೇ ಕಂಡಿತು.

ಆಮೇಲೆ ಚಿತ್ರವನ್ನು ತಿದ್ದಿ ತಿದ್ದಿ ಚೊಕ್ಕ ಮಾಡಿದರು. ಇದನ್ನು ಹೇಳೋಕೆ ನಮ್ಮ ಊರಿನ ಉದಾಹರಣೆಯೇ ಸರಿ. ಮೇಗುಟಿ ಗುಡಿಯ ಗೋಡೆಯಲ್ಲಿ ರವಿಕೀರ್ತಿಯ ಶಾಸನ ಇದೆ, ಕ್ರಿ.ಶ. 634ರದು. ಸವೆದ ಅಕ್ಷರ ನೇರ ಬೆಳಕಿನಲ್ಲಿ ಕಲ್ಲಿನ ಬಣ್ಣದಲ್ಲೇ ಕರಗಿಹೋಗ್ತವೆ. ಓರೆಯಾಗಿ ಬೆಳಕು ಬಿದ್ದರೆ ಎದ್ದು ಕಾಣ್ತವೆ. ಕಲ್ಲು ಅದೇ, ಬೆಳಕಿನ ಕೋನ ಬೇರೆ. ಎಂಆರ್‌ಐನಲ್ಲೂ ಹಾಗೇ. ರೇಡಿಯೋ ತರಂಗ ಯಾವಾಗ ಬಿಡಬೇಕು, ಯಾವಾಗ ಕೇಳಬೇಕು ಅನ್ನೋದನ್ನು ಬದಲಿಸಿದರೆ ಅದೇ ಮೆದುಳು ಬೇರೆ ಬೇರೆ ಥರ ಕಾಣ್ತದೆ. ಒಂದು ವಿಧಾನದಲ್ಲಿ ಉರಿಯೂತ ಬೆಳ್ಳಗೆ ಹೊಳೀತದೆ. ಆದರೆ ಮೆದುಳಿನ ಸುತ್ತ, ನಡುವೆ ಇರೋ ನೀರೂ ಬೆಳ್ಳಗೆ ಹೊಳೆದು ಪಕ್ಕದ ಮಚ್ಚೆಯನ್ನು ನುಂಗ್ತದೆ. 1992ರಲ್ಲಿ ಅದೇ ಹ್ಯಾಮರ್‌ಸ್ಮಿತ್‌ನವರು ಆ ನೀರಿನ ಹೊಳಪನ್ನು ಮಾತ್ರ ಆರಿಸೋ ವಿಧಾನ ಕೊಟ್ಟರು. ಅದರ ಹೆಸರು ಫ್ಲೇರ್. ಮೆದುಳಿನ ಎಂಆರ್‌ಐ ರಿಪೋರ್ಟ್ ಸಿಕ್ಕರೆ ಓದಿ ನೋಡ್ರಿ, ಆ ಪದ ಇರ್ತದೆ.

ಇನ್ನೊಂದು ಉಪಾಯ, ಪಡಿಯಚ್ಚು. ಶಾಸನದ ಮೇಲೆ ಒದ್ದೆ ಕಾಗದ ಒತ್ತಿ ಮಸಿ ಬಡಿದರೆ ಅಕ್ಷರಗಳು ಎದ್ದು ಬರ್ತವಲ್ಲ, ಹಾಗೆ ಎಂಆರ್‌ಐಗೂ ಒಂದು ಮಸಿ ಇದೆ: ಗ್ಯಾಡೋಲಿನಿಯಂ. ಇದನ್ನು ರಕ್ತನಾಳಕ್ಕೆ ಕೊಡ್ತಾರೆ. ಮೆದುಳಿನ ಕಾವಲು ಸರಿ ಇದ್ದರೆ ಒಳಗೆ ಸೋರಲ್ಲ. ಸಡಿಲ ಆದಲ್ಲಿ ಮಾತ್ರ ಸೋರಿ ಹೊಳೀತದೆ. ಇದು 1988ರಲ್ಲಿ ರೋಗಿಗಳ ಬಳಕೆಗೆ ಬಂತು. ಹಳೇ ಗಾಯದ ಕಲೆ ಯಾವುದು, ಈಗ ಉರೀತಿರೋದು ಯಾವುದು ಅಂತ ಬೇರೆ ಮಾಡೋಕೆ ಆಯಿತು.

ಭಾಗ 8/10

ಈಗ 5ನೇ ಭಾಗದ ವಾರ್ಡಿಗೆ ವಾಪಸ್. ಕಾಲು ಏಳದ ಆ ರೋಗಿಗೆ ಎಂಆರ್‌ಐ ಮಾಡಿದರೆ ಏನು ಕಾಣ್ತದೆ?

1998ರಲ್ಲಿ ಹೈದರಾಬಾದಿನ ನರರೋಗ ತಜ್ಞ ಜೆ.ಎಂ.ಕೆ. ಮೂರ್ತಿ ಸೆಂಪಲ್ ಲಸಿಕೆಯ ನಂತರ ಉರಿಯೂತ ಬಂದವರ ಎಂಆರ್‌ಐ ಬಗ್ಗೆ ಬರೆದರು. ಇಂಥ ಉರಿಯೂತದಲ್ಲಿ ಮುಖ್ಯವಾಗಿ ಮೆದುಳಿನ ಬಿಳಿ ಭಾಗದಲ್ಲಿ, ಅಂದ್ರೆ ಮೈಲಿನ್ ಹೆಚ್ಚಿರೋ ಜಾಗದಲ್ಲಿ, ಮಚ್ಚೆಗಳು ಹೊಳೀತವೆ. ರಿವರ್ಸ್ 1930ರ ದಶಕದಲ್ಲಿ ಸತ್ತ ಮಂಗಗಳ ಮೆದುಳು ಕೊಯ್ದು ನೋಡಿದ್ದು ಈಗ ಬದುಕಿದ್ದವರಲ್ಲಿ ಕಾಣ್ತಿತ್ತು.

2003ರಲ್ಲಿ ಬ್ಯಾಂಕಾಕ್‌ನ ಲಾವೊತಮಟಾಸ್, ಹೇಮಚುಧ ಮತ್ತು ಸಂಗಡಿಗರು ರೇಬೀಸ್ ರೋಗಿಗಳದೇ ಎಂಆರ್‌ಐ ಪ್ರಕಟಿಸಿದರು. ಚಿತ್ರ ಬೇರೆಯೇ ಇತ್ತು. ಮೆದುಳಿನ ಕಾಂಡ, ನೆನಪು ಮತ್ತು ಭಾವನೆಗೆ ಸಂಬಂಧಿಸಿದ ಆಳದ ಭಾಗಗಳಲ್ಲಿ ಮಸುಕು ಮಸುಕಾದ, ಅಂಚು ಗೊತ್ತಾಗದ ಬದಲಾವಣೆ ಅಷ್ಟೇ. ಇಷ್ಟು ಭಯಂಕರ ರೋಗಕ್ಕೆ ಇಷ್ಟೇ ಮಸುಕು ಗುರುತಾ ಅನ್ನಿಸ್ತದೆ. ರೇಬೀಸ್ ವೈರಸ್ ದೇಹದ ಸೈನ್ಯಕ್ಕೆ ಸುಳಿವು ಕೊಡದ ಹಾಗೆ ಕೆಲಸ ಮಾಡೋ ಕಳ್ಳ. ಗಲಾಟೆ ಕಡಿಮೆ, ಹಾನಿ ಜಾಸ್ತಿ.

ಎಚ್ಚರಿಕೆಯ ಮಾತು ಒಂದಿದೆ. ಎಂಆರ್‌ಐ ಒಂದನ್ನೇ ನೋಡಿ ರೇಬೀಸ್ ಹೌದು, ಅಲ್ಲ ಅಂತ ತೀರ್ಪು ಕೊಡಲ್ಲ. ಜೊಲ್ಲು, ಚರ್ಮ, ಬೆನ್ನಿನ ನೀರಿನ ಪರೀಕ್ಷೆ ಬೇಕು. ಆದರೂ ಹೊರಗಿಂದ ಒಂದೇ ಥರ ಕಾಣ್ತಿದ್ದ ಎರಡು ಕಾಯಿಲೆ ಬೇರೆ ಮಾಡೋಕೆ ಡಾಕ್ಟರಿಗೆ ಒಂದು ಕಣ್ಣು ಸಿಕ್ಕಿತು.

ಹೀಗೇ ಬೇರೆ ಬೇರೆ ಉರಿಯೂತಕ್ಕೆ ಬೇರೆ ಬೇರೆ ಹೆಜ್ಜೆಗುರುತು ಇರ್ತದೆ. ಕೋಲಾರ, ಮಂಡ್ಯ, ಬಳ್ಳಾರಿ ಕಡೆ ಕಾಣಿಸಿಕೊಂಡಿರೋ ಜಪಾನೀಸ್ ಎನ್ಸೆಫಲೈಟಿಸ್, ಅಂದ್ರೆ ಸೊಳ್ಳೆಯಿಂದ ಬರೋ ಮೆದುಳು ಜ್ವರ, ಹೆಚ್ಚಾಗಿ ಮೆದುಳಿನ ನಡುವಿನ ಥಲಾಮಸ್ ಅನ್ನೋ ಭಾಗವನ್ನು ಎರಡೂ ಬದಿಯಲ್ಲಿ ಹಿಡೀತದೆ. ಹರ್ಪಿಸ್ ವೈರಸ್ ಆದರೆ ಕಿವಿಯ ಒಳಮಗ್ಗುಲಿನ ಭಾಗ. ಅದಕ್ಕೆ ಔಷಧಿ ಇದೆ, ಬೇಗ ಕೊಟ್ಟಷ್ಟೂ ಒಳ್ಳೇದು. ಹಾಗಾಗಿ ಮಚ್ಚೆ ಎಲ್ಲಿದೆ ಅನ್ನೋದು ಬರೀ ಭೂಗೋಳ ಅಲ್ಲ, ಜೀವದ ಪ್ರಶ್ನೆ.

ಭಾಗ 9/10

"ಮಚ್ಚೆ ಇದೆ" ಅಂತ ತೋರಿಸೋದರಿಂದ "ಮಚ್ಚೆಯ ಒಳಗೆ ಏನು ನಡೀತಿದೆ" ಅಂತ ಕೇಳೋ ತನಕ ಎಂಆರ್‌ಐ ಈಗ ಬಂದಿದೆ. ನಾಲ್ಕು ಮುಖ್ಯ ವಿಧಾನ ಹೇಳ್ತೀನಿ.

ಒಂದು, ನೀರಿನ ಓಡಾಟ ಅಳೆಯೋದು. ಫ್ರಾನ್ಸಿನ ಡೆನಿ ಲ ಬಿಯಾಂ 1980ರ ದಶಕದಲ್ಲಿ ಶುರು ಮಾಡಿದ್ದು. ಜೀವಕೋಶ ಬಾತುಕೊಂಡರೆ ನೀರಿಗೆ ಓಡಾಡೋಕೆ ಜಾಗ ಸಾಲಲ್ಲ. ಕೀವು ದಪ್ಪ ಇರೋದ್ರಿಂದ ಅದರಲ್ಲೂ ನೀರು ಓಡಲ್ಲ. ಹಾಗಾಗಿ ಕೀವುಗಡ್ಡೆ ಯಾವುದು, ಬೇರೆ ಗಡ್ಡೆ ಯಾವುದು ಅಂತ ಸುಳಿವು ಸಿಗ್ತದೆ. ಮೈಲಿನ್ ಸರಿ ಇದ್ದರೆ ನೀರು ನರದ ಗುಂಟ ಓಡ್ತದೆ, ಹರಿದಿದ್ದರೆ ಅಡ್ಡಾದಿಡ್ಡಿ.

ಎರಡು, ರಾಸಾಯನಿಕ ಕೇಳೋದು. ಇದರ ಹೆಸರು ಸ್ಪೆಕ್ಟ್ರೋಸ್ಕೋಪಿ. ಮಚ್ಚೆಯ ಒಳಗೆ ಯಾವ ಯಾವ ವಸ್ತು ಇದೆ ಅಂತ ಸೂಜಿ ಚುಚ್ಚದೆ ಹೇಳ್ತದೆ. ಕ್ಷಯದ ಗಂಟಿನಲ್ಲಿ ಕೊಬ್ಬಿನ ಅಂಶ ಎದ್ದು ಕಾಣ್ತದೆ. ಇದರ ಮೇಲೆ ಲಖನೌದ ರಾಕೇಶ್ ಗುಪ್ತ ಮತ್ತು ಸಂಗಡಿಗರು ತುಂಬ ಕೆಲಸ ಮಾಡಿದ್ದಾರೆ. ಮೆದುಳಿನ ಕ್ಷಯ, ಮೆದುಳಿನ ಲಾಡಿಹುಳು, ಎರಡೂ ಇರೋ ನಮ್ಮ ದೇಶಕ್ಕೆ ಇದು ದೊಡ್ಡ ಸಹಾಯ.

ಮೂರು, ರಕ್ತ ಮತ್ತು ಕಬ್ಬಿಣಕ್ಕೆ ಸೂಕ್ಷ್ಮವಾದ ವಿಧಾನ. ಇದರಲ್ಲಿ ಕೂದಲೆಳೆಯಂಥ ಅಭಿಧಮನಿಯೂ ಕಪ್ಪು ಗೆರೆಯಾಗಿ ಕಾಣ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಮಚ್ಚೆ ಹೆಚ್ಚಾಗಿ ಇಂಥ ಒಂದು ಅಭಿಧಮನಿಯ ಸುತ್ತ ಬೆಳೀತದೆ. ಹೀಗಾಗಿ ಮಚ್ಚೆಯ ನಡುವೆ ಕಪ್ಪು ಗೆರೆ ಇದೆಯಾ ಅಂತ ನೋಡ್ತಾರೆ.

ನಾಲ್ಕು, ಕಬ್ಬಿಣದ ಅತಿ ಸಣ್ಣ ಕಣಗಳು. ಇದು ಹೆಚ್ಚಾಗಿ ಸಂಶೋಧನೆಯಲ್ಲೇ ಇದೆ. ಸೈನ್ಯದ ಕಣಗಳು ಇವನ್ನು ನುಂಗಿ ಉರಿಯೂತದ ಜಾಗಕ್ಕೆ ಹೋದಾಗ, ಅವು ಎಲ್ಲಿ ಸೇರಿವೆ ಅಂತ ಚಿತ್ರದಲ್ಲಿ ಗೊತ್ತಾಗ್ತದೆ.

ಇಷ್ಟಾದರೂ ಎಂಆರ್‌ಐಗೆ ಒಂದು ಮಿತಿ ಇದೆ. ಅದು ನೋಡೋದು ಹೆಚ್ಚಾಗಿ ಉರಿಯೂತದ ಪರಿಣಾಮ: ನೀರು, ಸೋರಿಕೆ, ಹಾನಿ. ಮೆದುಳಿನದೇ ಕಾವಲು ಕೋಶಗಳು, ಮೈಕ್ರೋಗ್ಲಿಯಾ, ಒಳಗೊಳಗೇ ಕೆರಳಿದ್ದರೆ ಸಾಮಾನ್ಯ ಎಂಆರ್‌ಐಗೆ ನೇರವಾಗಿ ಕಾಣಲ್ಲ. ಅದಕ್ಕೆ ಪೆಟ್ ಸ್ಕ್ಯಾನ್ ಜೊತೆ ಸೇರಿಸಿ ನೋಡೋ ಪ್ರಯತ್ನ ನಡೀತಿದೆ. ಯಂತ್ರ ಎಷ್ಟೇ ದೊಡ್ಡದಾದರೂ ಚಿತ್ರ ಓದೋದು ಮನುಷ್ಯನೇ. ಶಾಸನದ ಪಡಿಯಚ್ಚು ತೆಗೆದ ಮಾತ್ರಕ್ಕೆ ಹಳಗನ್ನಡ ಬಂದುಬಿಡಲ್ಲ ಅಲ್ವಾ.

ಭಾಗ 10/10

ಹಾಗಾದ್ರೆ ಲಸಿಕೆ ಏನಾಯ್ತು?

ಮೈಲಿನ್ನೇ ತೊಂದರೆ ಅಂತ ಗೊತ್ತಾದ ಮೇಲೆ ದಾರಿ ಸ್ಪಷ್ಟ ಆಯಿತು: ಮೈಲಿನ್ ಇಲ್ಲದ ಲಸಿಕೆ ಮಾಡೋದು. 1950ರ ದಶಕದಲ್ಲಿ ಚಿಲಿ ದೇಶದ ಫ್ಯುಯೆನ್ಸಾಲಿಡಾ ಮತ್ತು ಪಲಾಸಿಯೋಸ್ ಆಗತಾನೆ ಹುಟ್ಟಿದ ಇಲಿಮರಿಗಳ ಮೆದುಳು ಬಳಸಿದರು. ಅವುಗಳಲ್ಲಿ ಮೈಲಿನ್ ಇನ್ನೂ ಅಷ್ಟಾಗಿ ಬೆಳೆದಿರಲ್ಲ. ಆಮೇಲೆ ಅಮೆರಿಕದ ವಿಸ್ಟಾರ್ ಇನ್‌ಸ್ಟಿಟ್ಯೂಟ್‌ನಲ್ಲಿ ಮೆದುಳನ್ನೇ ಬಿಟ್ಟು ಲ್ಯಾಬ್‌ನಲ್ಲಿ ಬೆಳೆಸಿದ ಜೀವಕೋಶದಲ್ಲಿ ವೈರಸ್ ಬೆಳೆಸಿದರು. ಇರಾನಿನಲ್ಲಿ ಹುಚ್ಚುನಾಯಿ, ತೋಳ ಕಚ್ಚಿದ 45 ಜನರಿಗೆ ಆ ಲಸಿಕೆ ಕೊಟ್ಟರು. 1976ರಲ್ಲಿ ಫಲಿತಾಂಶ ಪ್ರಕಟವಾಯಿತು: 45 ಜನರೂ ಬದುಕಿದ್ದರು.

1976ಕ್ಕೂ 2004ಕ್ಕೂ ನಡುವೆ 28 ವರ್ಷ. ನಮ್ಮಲ್ಲಿ ಅಷ್ಟು ಕಾಲ ಕುರಿ ಮೆದುಳಿನ ಲಸಿಕೆ ಯಾಕೆ ಉಳೀತು? ದೊಡ್ಡ ಕಾರಣ ದುಡ್ಡು. ಹೊಸ ಲಸಿಕೆ ದುಬಾರಿ, ಹಳೇದು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಕೈಯಲ್ಲಿ ಕಾಸಿದ್ದವರು ತೋಳಿಗೆ ಹಾಕಿಸ್ಕೊಂಡರು, ಇಲ್ಲದವರು ಹೊಟ್ಟೆಗೆ. ಅದೇ ನಾಯಿ, ಅದೇ ಹಲ್ಲು. 2006ರಲ್ಲಿ ಚರ್ಮದ ಪದರದೊಳಗೆ ಸ್ವಲ್ಪವೇ ಲಸಿಕೆ ಕೊಡೋ ವಿಧಾನಕ್ಕೆ ಒಪ್ಪಿಗೆ ಸಿಕ್ಕಿತು. ಒಂದು ಬಾಟಲಿ ಹೆಚ್ಚು ಜನಕ್ಕೆ ಸಾಕಾಗತೊಡಗಿ ಖರ್ಚು ಇಳೀತು.

ಬಿಕಾಂನವರಲ್ವಾ, ಲೆಕ್ಕ ಹಾಕೋಣ. ಹಳೇ ಲಸಿಕೆಯ ನಷ್ಟದ ಕಡೆ ನೂರಾರು ಅಥವಾ ಸಾವಿರಾರು ಜನರಲ್ಲಿ ಒಬ್ಬರಿಗೆ ಉರಿಯೂತ. ಲಸಿಕೆ ಇಲ್ಲದಿದ್ದರೆ? ರೇಬೀಸ್ ಲಕ್ಷಣ ಶುರುವಾದ ಮೇಲೆ ಬದುಕಿದವರು ಇಡೀ ಜಗತ್ತಿನಲ್ಲೇ ಬೆರಳೆಣಿಕೆ. ಆಗಲೂ ಲೆಕ್ಕ ಲಸಿಕೆಯ ಪರವಾಗೇ ಇತ್ತು. ಈಗ ನಷ್ಟದ ಕಡೆ ಆ ಕುರಿ ಮೆದುಳೇ ಇಲ್ಲ. ಹಳೇ ಪುಸ್ತಕದ ಬಾಕಿಯನ್ನು ಹೊಸ ಪುಸ್ತಕಕ್ಕೆ ಎಳೆದು ತರೋದು ಯಾಕೆ?

ಆದರೆ ನಾವು ತರ್ತಿದ್ದೀವಿ. "14 ಸೂಜಿ ಯಾರು ಹಾಕಿಸ್ಕೊಳ್ತಾರೆ" ಅಂತ ಮನೇಲಿ ಹೇಳದೇ ಇರೋ ಮಕ್ಕಳಿದ್ದಾರೆ. ಗಾಯಕ್ಕೆ ಖಾರದ ಪುಡಿ, ಸುಣ್ಣ ಹಚ್ಚಿ ಸುಮ್ಮನಾಗೋ ದೊಡ್ಡವರಿದ್ದಾರೆ. ಆದ್ದರಿಂದ ಇದನ್ನು ಸೇವ್ ಮಾಡ್ಕೊಳ್ರಿ:

• ಕಚ್ಚಿದ, ಪರಚಿದ ಜಾಗವನ್ನು ಹರಿಯೋ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೀರಿ. ಖಾರದ ಪುಡಿ, ಸುಣ್ಣ ಹಚ್ಚಬ್ಯಾಡ್ರಿ.
• ಅವತ್ತೇ ಆಸ್ಪತ್ರೆಗೆ ಹೋಗ್ರಿ. ನಾಯಿಮರಿ ಕಚ್ಚಿದರೂ, ಸಾಕಿದ ನಾಯಿ ಆದರೂ.
• ಈಗಿನ ಲಸಿಕೆ ತೋಳಿಗೆ. ಸ್ನಾಯುವಿಗೆ ಕೊಟ್ಟರೆ ಸಾಮಾನ್ಯವಾಗಿ 0, 3, 7, 14, 28ನೇ ದಿನ. ಚರ್ಮದೊಳಗೆ ಕೊಟ್ಟರೆ 0, 3, 7, 28ನೇ ದಿನ. ನಡುವೆ ಬಿಡಬ್ಯಾಡ್ರಿ.
• ರಕ್ತ ಬಂದಿದ್ದರೆ ಗಾಯದ ಸುತ್ತ ಕೊಡೋ ಇಮ್ಯುನೊಗ್ಲಾಬ್ಯುಲಿನ್ ಬಗ್ಗೆ ಡಾಕ್ಟರನ್ನು ಕೇಳ್ರಿ.

ಅಜ್ಜ ಹೆದರಿದ್ದು ತಪ್ಪಲ್ಲ. ಅವರ ಕಾಲಕ್ಕೆ ಆ ಭಯ ಸತ್ಯ ಇತ್ತು. ಆ ಸತ್ಯವನ್ನು ಹಿಡಿದು ವಿಜ್ಞಾನಿಗಳು ಲಸಿಕೆ ಬದಲಿಸಿದರು, ಮೆದುಳಿನ ಒಳಗೆ ನೋಡೋದನ್ನು ಕಲಿತರು. ಉಳಿದಿರೋದು ನಮ್ಮ ಕೆಲಸ. ಇವತ್ತು ಮನೆಯಲ್ಲಿ ಒಬ್ಬರಿಗಾದರೂ ಹೇಳ್ರಿ: ಹೊಟ್ಟೆಗಲ್ಲ, ತೋಳಿಗೆ. ಹದಿನಾಲ್ಕಲ್ಲ, ನಾಲ್ಕೋ ಐದೋ.

#ಐಹೊಳೆ #ಹುನಗುಂದ #ಬಾಗಲಕೋಟೆ #ಇತಿಹಾಸ #ರೇಬೀಸ್ #ಎಂಆರ್‌ಐ #ಕನ್ನಡದಲ್ಲಿ_ವಿಜ್ಞಾನ